ಹೋಗದವರ ಕಾಗದ

ಪುತ್ತೂರಿನ ಕಾನೂನು ಕಾಲೇಜೊಂದರಲ್ಲಿ ನಾನು ಅಂತರರಾಷ್ಟ್ರೀಯ ಕಾನೂನು ಪಾಠ ಮಾಡುತ್ತೇನೆ. ಹದಿನಾಲ್ಕು ವರ್ಷವಾಯಿತು. ಈ ವಿಷಯದಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ ಎಂಬುದು ವಿದ್ಯಾರ್ಥಿಗಳಿಗೂ ಗೊತ್ತು, ನನಗೂ ಗೊತ್ತು. ಇಲ್ಲಿಯ ಕೋರ್ಟಿಗೆ ಬರುವುದು ಪಾಲುಪಟ್ಟಿ, ಬೇಲಿ ತಕರಾರು, ಚೆಕ್ ಬೌನ್ಸು. ಸರ್ಬಿಯಾದಿಂದ ಬೇರೆಯಾದ ಕೊಸೊವೊದಂಥ ಕೇಸು ಇದುವರೆಗೆ ಬಂದಿಲ್ಲ. ಆದರೂ ಪ್ರತಿವರ್ಷ ಪ್ರತ್ಯೇಕತೆಯ ಅಧ್ಯಾಯ ಬಂದಾಗ ನನಗೆ ಒಂದು ಉಮೇದು ಹತ್ತುತ್ತದೆ. ಒಂದು ಜನ ಎದ್ದು ನಿಂತು, ನಾವಿನ್ನು ಇವರ ಜೊತೆ ಇರುವುದಿಲ್ಲ ಎಂದು ಹೇಳಿಬಿಡಬಹುದೇ? ಹೇಳಿದ ಮಾತ್ರಕ್ಕೆ ಬೇರೆ ಆಗಿಬಿಡುತ್ತಾರೆಯೇ? ಈ ಎರಡು ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು ಸುಮ್ಮನೆ ನಿಲ್ಲುವುದು ನನ್ನ ಅಭ್ಯಾಸ.

ಹತ್ತಿರದ ಉದಾಹರಣೆ ಕೊಡಿ ಎಂದರೆ ಸುಳ್ಯ ಕಡೆಯ ಮಕ್ಕಳು ಕೂಡಲೇ, ಕಡಬ, ಮೇಡಂ, ಎನ್ನುತ್ತಾರೆ. ಪುತ್ತೂರಿನಿಂದ ಒಂದಷ್ಟು, ಸುಳ್ಯದಿಂದ ಒಂದಷ್ಟು ಗ್ರಾಮ ತೆಗೆದು ಕಡಬ ತಾಲೂಕು ಮಾಡಿದ್ದು ಅವರ ಕಣ್ಣೆದುರಿಗೇ ಆದದ್ದು. ಅದು ಪ್ರತ್ಯೇಕತೆ ಅಲ್ಲ ಮಾರಾಯ್ರೆ, ಸರಕಾರ ತನ್ನದೇ ಮನೆಯೊಳಗೆ ಗೋಡೆ ಸರಿಸಿದ್ದು, ತಹಶೀಲ್ದಾರರು ಬೇರೆಯಾದರೆ ದೇಶ ಬೇರೆಯಾಗುವುದಿಲ್ಲ ಎಂದು ನಾನು ವರ್ಷಾ ವರ್ಷಾ ಅದೇ ಮಾತು ಹೇಳುತ್ತೇನೆ. ನನಗೆ ಕೋಪ ಮೂಗಿನ ತುದಿಯಲ್ಲಿದೆ ಎಂದು ಅವರಿಗೆ ಗೊತ್ತಿರುವುದರಿಂದ ಯಾರೂ ವಾದ ಬೆಳೆಸುವುದಿಲ್ಲ.

ನಮ್ಮ ಮನೆ ಕೊಯಿಲಕ್ಕೂ ಉಪ್ಪಿನಂಗಡಿಗೂ ನಡುವೆ, ಕುಮಾರಧಾರೆಗೆ ಸೇರುವ ಒಂದು ಸಣ್ಣ ಹೊಳೆಯ ಈಚೆ ದಡದಲ್ಲಿದೆ. ಮನೆಯಲ್ಲಿ ಉಮ್ಮ, ಉಪ್ಪಿನಂಗಡಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ತಮ್ಮ, ಅವನ ಹೆಂಡತಿ ಮಕ್ಕಳು, ನಾನು. ನನಗೆ ಮದುವೆ ಆಗಲಿಲ್ಲ. ಆ ಕತೆ ಇಲ್ಲಿ ಬೇಡ. ಹೊಳೆಯ ಆಚೆ ದಡದಲ್ಲಿ ಶುಕ್ರವಾರದ ಜುಮಾ ನಡೆಯುವ ಹಳೆಯ ಮಸೀದಿ, ಮದ್ರಸ, ಖಬರಸ್ತಾನ. ಈಚೆ ನಮ್ಮ ಇಪ್ಪತ್ತೈದು ಮೂವತ್ತು ಮನೆ. ಎರಡೂ ದಡಕ್ಕೆ ಒಂದೇ ಜಮಾಅತ್. ನಮ್ಮಲ್ಲಿ ಜಮಾಅತ್ ಅಂದರೆ ಬರೀ ನಮಾಜು ಅಲ್ಲ. ಮದುವೆಗೆ ಅದರ ಕಾಗದ ಬೇಕು, ತಂಟೆ ಬಂದರೆ ಅದರ ಪಂಚಾತಿಕೆ ಬೇಕು, ಸತ್ತರೆ ಮಲಗಲು ಅದರ ಮಣ್ಣು ಬೇಕು.

ಬಾಪ ತೀರಿಕೊಂಡು ಇಪ್ಪತ್ತು ವರ್ಷ. ಅವರ ಖಬರ್ ಆಚೆ ದಡದಲ್ಲಿ, ಖಬರಸ್ತಾನದ ಕಲ್ಲಿನ ಗೋಡೆಗೆ ತಾಗಿದ ಹಾಗೆ ಇದೆ. ಹೆಂಗಸರು ಒಳಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಹೊಳೆ ದಾಟಿ ಆಚೆ ಹೋಗುವಾಗಲೆಲ್ಲ ಉಮ್ಮ ಆ ಗೋಡೆಯ ಬಳಿ ನಿಂತು ಸಲಾಂ ಹೇಳಿ, ಮನೆಯ ಒಂದೆರಡು ಸುದ್ದಿಯನ್ನೂ ಹೇಳಿ ಮುಂದೆ ಹೋಗುತ್ತಿದ್ದಳು. ಪಕ್ಕದಲ್ಲಿ ಒಬ್ಬರಿಗೆ ಆಗುವಷ್ಟು ಜಾಗ ಖಾಲಿ ಇತ್ತು. ಅದು ತನ್ನದು ಎಂದು ಅವಳ ಲೆಕ್ಕ. ಯಾರೂ ಇಲ್ಲ ಎಂದಿರಲಿಲ್ಲ.

ಜಗಳ ಶುರುವಾದದ್ದು ಹೊಳೆಯಿಂದ. ಮಳೆಗಾಲದಲ್ಲಿ ನೀರು ಏರಿದರೆ ದಾಟಲು ಆಗುವುದಿಲ್ಲ; ಗಂಡಸರು ಜುಮಾಕ್ಕೆ ಮುಖ್ಯರಸ್ತೆಯ ಸೇತುವೆಗೆ ಸುತ್ತಿ ಹೋಗಬೇಕು. ಮಕ್ಕಳಿಗೆ ಮದ್ರಸ ತಪ್ಪುತ್ತದೆ. ನಡೆದು ದಾಟಲು ಒಂದು ಕಾಲುಸಂಕ ಮಾಡಿಸಿ ಎಂದು ಈಚೆಯವರು ಕೇಳಿದ್ದೂ ಕೇಳಿದ್ದೇ, ಆಚೆಯವರು ನೋಡುವ ಎಂದದ್ದೂ ಎಂದದ್ದೇ. ಕಮಿಟಿಯಲ್ಲಿ ಈಚೆಯ ಒಬ್ಬನೇ ಒಬ್ಬ ಸದಸ್ಯ ಇಲ್ಲ. ಯಾಕೆಂದರೆ ಕಮಿಟಿ ಸಭೆ ಕರೆಯುವುದೇ ಮಳೆಗಾಲದಲ್ಲಿ!

ಒಂದು ಭಾನುವಾರ ಮಾಮ ಬಂದರು. ಉಮ್ಮನ ತಮ್ಮ. ಮೂವತ್ತು ವರ್ಷ ಸೌದಿಯಲ್ಲಿ ಅಂಗಡಿ ನಡೆಸಿ ವಾಪಸು ಬಂದವರು. ಅಲ್ಲಿ ಮೂವತ್ತು ವರ್ಷ ಬಾಯಿ ಮುಚ್ಚಿ ಕೂತದ್ದಕ್ಕೆ ಬಡ್ಡಿ ಸಮೇತ ಇಲ್ಲಿ ಮಾತಾಡುತ್ತಾರೆ ಎಂದು ನನ್ನ ತಮ್ಮ ತಮಾಷೆ ಮಾಡುತ್ತಾನೆ. ಈಚೆಯವರೆಲ್ಲ ಸೇರಿ ಬೇರೆ ಜಮಾಅತ್ ಮಾಡುವುದೆಂದು ತೀರ್ಮಾನವಾಗಿದೆ, ಈಚೆಯ ಸಣ್ಣ ನಮಾಜಿನ ಕೋಣೆಯಲ್ಲೇ ಇನ್ನು ಜುಮಾ, ಖಬರಸ್ತಾನಕ್ಕೆ ತನ್ನ ರಬ್ಬರು ತೋಟದಲ್ಲಿ ಜಾಗ ಬಿಟ್ಟುಕೊಡುತ್ತೇನೆ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀನು ಕಾಲೇಜಿನಲ್ಲಿ ಇದನ್ನೇ ಅಲ್ವಾ ಹೇಳಿ ಕೊಡುದು? ನಮಗೆ ಒಂದು ಕಾಗದ ಬರೆದು ಕೊಡು. ಅವರು ಓದಿ ಬಾಯಿ ಮುಚ್ಚಬೇಕು."

ನಾನು ಉಬ್ಬಿಹೋದೆ, ಸುಳ್ಳು ಯಾಕೆ ಹೇಳಬೇಕು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ವಿಷಯ ಒಬ್ಬ ಮನುಷ್ಯನಿಗೆ ಬೇಕಾಗಿತ್ತು. ಮೂರು ಸಂಜೆ ಕೂತು ನಾಲ್ಕು ಪುಟ ಬರೆದೆ. ನಮ್ಮಲ್ಲಿ ಪ್ರಾರ್ಥನೆ ಅರಬಿಯಲ್ಲಿ, ಜಗಳ ಬ್ಯಾರಿ ಭಾಷೆಯಲ್ಲಿ, ಕಾಗದಪತ್ರ ಮಾತ್ರ ಕನ್ನಡದಲ್ಲಿ. ಹಾಗಾಗಿ ನನ್ನ ಕನ್ನಡವನ್ನೆಲ್ಲ ಅದಕ್ಕೆ ಸುರಿದೆ. ಒಂದು ರಾಜ್ಯ ಎನಿಸಿಕೊಳ್ಳಲು ನಾಲ್ಕು ಇರಬೇಕು ಎಂದು ಪಾಠ ಮಾಡುತ್ತೇನಲ್ಲ: ನೆಲೆ ನಿಂತ ಜನ, ಗೊತ್ತಾದ ನೆಲ, ಒಂದು ಆಡಳಿತ, ಬೇರೆಯವರ ಜೊತೆ ವ್ಯವಹರಿಸುವ ಸಾಮರ್ಥ್ಯ. ನಾಲ್ಕನ್ನೂ ಹೊಳೆಯ ಈಚೆ ದಡಕ್ಕೆ ಹೊಂದಿಸಿದೆ. ಒಟ್ಟಿಗೆ ಇರಿಸಿಕೊಂಡವರು ನ್ಯಾಯ ಕೊಡದೇ ಹೋದರೆ ಮಾತ್ರ, ಕೊನೆಯ ದಾರಿಯಾಗಿ, ಬೇರೆ ಹೋಗಬಹುದು ಎನ್ನುವ ವಾದವೊಂದಿದೆ. ಅದಕ್ಕೆ ಕಾಲುಸಂಕವನ್ನೂ ಕಮಿಟಿಯನ್ನೂ ಸಾಕ್ಷಿ ಮಾಡಿದೆ. ಕೊನೆಗೆ, ಮುಗಿಸಲು ಒಂದು ಗಟ್ಟಿ ವಾಕ್ಯ ಬೇಕಿತ್ತು. ಹೀಗೆ ಬರೆದೆ: "ಇಂದಿನಿಂದ ಮೂಲ ಜಮಾಅತ್‌ನ ಮೇಲೆ ನಮಗೆ ಯಾವ ಹಕ್ಕೂ ಇಲ್ಲ, ನಮ್ಮ ಮೇಲೆ ಅದಕ್ಕೆ ಯಾವ ಅಧಿಕಾರವೂ ಇಲ್ಲ."

ಎಷ್ಟು ಚಂದದ ವಾಕ್ಯ ಎಂದು ನನಗೇ ಅನಿಸಿತು. ಆಚೆ ಈಚೆ ಸರಿಸಮ ತೂಗುತ್ತಿತ್ತು. ಮಾಮ ಅದನ್ನು ನಮ್ಮ ಜಗಲಿಯಲ್ಲಿ ಕೂತು ಎರಡು ಸಲ ದೊಡ್ಡ ಸ್ವರದಲ್ಲಿ ಓದಿದರು. ನನ್ನ ತಮ್ಮನೂ ಸೇರಿ ಐವತ್ತೆರಡು ಗಂಡಸರ ಹೆಸರು ಬರೆದು ರುಜು ಹಾಕಿಸಿ, ಹೊಳೆ ದಾಟಿ ಹೋಗಿ ಕೊಟ್ಟು ಬಂದರು. ರುಜುವಿಗೆ ನನ್ನನ್ನು ಯಾರೂ ಕರೆಯಲಿಲ್ಲ. ಇಡೀ ಕಾಗದ ಬರೆದವಳು ನಾನು. ನನ್ನ ಹೆಸರು ಎಲ್ಲೂ ಇಲ್ಲ. ಹೆಂಗಸರ ಹೆಸರು ಹಾಕುವ ಕ್ರಮವಿಲ್ಲವಲ್ಲ ಎಂದು ಮಾಮ ಸಹಜವಾಗಿ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಉಬ್ಬಿದ ಮೇಲೆ ಉರಿಯುವುದೂ ಕಷ್ಟ.

ಆ ಸಂಜೆ ಉಮ್ಮ ಬೀಡಿ ಎಲೆಯ ಹಾಗೆ ಮಡಚಿದ ವೀಳ್ಯದೆಲೆಯನ್ನು ಬಾಯಿಗೆ ಇಡದೆ ಕೈಯಲ್ಲೇ ಹಿಡಿದುಕೊಂಡು ಕೂತಿದ್ದಳು. "ನಮಗೆ ಯಾವ ಹಕ್ಕೂ ಇಲ್ಲ ಅಂತ ಬರೆದಿದ್ದಿಯಲ್ಲ," ಎಂದಳು ಬ್ಯಾರಿಯಲ್ಲಿ. "ನಿನ್ನ ಬಾಪ ಆಚೆ ಇದ್ದಾರೆ. ನಾನು ಎಲ್ಲಿ ಮಲಗುದು?"

ಅದು ನನಗೆ ಹೊಳೆದೇ ಇರಲಿಲ್ಲ. ಆದರೂ ಸೋಲೊಪ್ಪುವ ಜನ್ಮ ನನ್ನದಲ್ಲ. ಹೊಸ ಖಬರಸ್ತಾನ ಆಗುತ್ತದಲ್ಲ, ಮಣ್ಣು ಎಲ್ಲ ಕಡೆ ಒಂದೇ ಅಲ್ವಾ ಎಂದುಬಿಟ್ಟೆ. ಉಮ್ಮ ಎದ್ದು ಒಳಗೆ ಹೋದಳು. ಎರಡು ದಿನ ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು.

ಹೊಸ ಜುಮಾ ಸರಿಯೋ ತಪ್ಪೋ ಎಂದು ಹೇಳಲು ಧರ್ಮಶಾಸ್ತ್ರ ಬಲ್ಲ ಹಿರಿಯ ಉಸ್ತಾದರೊಬ್ಬರನ್ನು ಕರೆಸಿದರು. ಅವರು ಹೇಳಿದ್ದನ್ನು ತಮ್ಮ ಬಂದು ನನಗೆ ವರದಿ ಮಾಡಿದ. ನಮ್ಮ ಮದ್‌ಹಬಿನ, ಅಂದರೆ ನಾವು ಅನುಸರಿಸುವ ಶಾಸ್ತ್ರಪಂಥದ ಪ್ರಕಾರ ಒಂದು ಊರಿಗೆ ಒಂದೇ ಜುಮಾ. ಸುಮ್ಮನೆ ಮನಸ್ಸಾಯಿತು ಎಂದು ಇನ್ನೊಂದು ಮಾಡುವಂತಿಲ್ಲ. ಜಾಗ ಸಾಲದಿದ್ದರೆ, ದೂರದಿಂದ ಬಂದು ಸೇರುವುದು ಕಷ್ಟವಿದ್ದರೆ, ಒಟ್ಟಿಗೆ ನಿಂತರೆ ಹೊಡೆದಾಟವೇ ಆಗುವಂತಿದ್ದರೆ ಆಗ ಮಾತ್ರ ಆದೀತು. ಹೊಳೆಯ ಕಾರಣಕ್ಕೆ ಒಪ್ಪಬಹುದು ಎಂದರಂತೆ. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಪುಸ್ತಕಗಳಲ್ಲಿ ಈಗಿನ ಪಂಡಿತರು ಹೊಸ ಸಿದ್ಧಾಂತ ಎಂದು ಬರೆದು ಕಚ್ಚಾಡುವ ವಿಷಯವನ್ನು ನಮ್ಮ ಉಸ್ತಾದರು ಚಾ ಕುಡಿಯುತ್ತ ಹೇಳಿ ಮುಗಿಸಿದ್ದರು.

ಆದರೆ ಅವರು ಇನ್ನೊಂದು ಮಾತು ಹೇಳಿದ್ದರು. ಜುಮಾ ಕೂಡಬೇಕಾದರೆ ಅಲ್ಲೇ ಖಾಯಂ ನೆಲೆಸಿರುವ ನಲವತ್ತು ಗಂಡಸರು ಎದುರಿಗೆ ಕೂತಿರಬೇಕು. ಮಾಮ ಎದೆ ತಟ್ಟಿ, ಐವತ್ತೆರಡು ಇದ್ದಾರೆ ಎಂದರು.

ಇದ್ದರು, ಕಾಗದದಲ್ಲಿ. ಮಾಮ ಸೌದಿಯಲ್ಲಿದ್ದ ಮೂವತ್ತು ವರ್ಷವೂ ತಾನು ಈ ಊರಿನವನೇ ಎಂದುಕೊಂಡು ಬದುಕಿದವರು. ಅವರ ಲೆಕ್ಕದಲ್ಲಿ ದುಬೈಯಲ್ಲಿರುವವನೂ ಇಲ್ಲೇ ಇದ್ದಾನೆ, ಕತಾರ್‌ನಲ್ಲಿರುವವನೂ ಇಲ್ಲೇ ಇದ್ದಾನೆ. ಹದಿನೈದು ಜನರ ರುಜುವನ್ನು ಫೋನಿನಲ್ಲಿ ಫೋಟೊ ತರಿಸಿ ಅಂಟಿಸಿದ್ದರು. ಬೇರೆ ಯಾವ ಊರಿನವನೂ ಇಂಥ ತಪ್ಪು ಮಾಡಲಿಕ್ಕಿಲ್ಲ. ನಮ್ಮಲ್ಲಿ ಅದು ತಪ್ಪು ಎಂದು ಯಾರಿಗೂ ತೋರಲೇ ಇಲ್ಲ. ನೆಲೆ ನಿಂತ ಜನ ಎಂದು ಚಂದಕ್ಕೆ ಬರೆದ ನನಗೂ ತೋರಲಿಲ್ಲ.

ಮೊದಲ ಶುಕ್ರವಾರ ತಲೆ ಎಣಿಸಿದರೆ ಮೂವತ್ತೇಳು. ಪ್ರವಚನಕ್ಕೆ ಬಂದ ಖತೀಬರು ಹೊರಗಿನವರು, ಅವರು ಲೆಕ್ಕಕ್ಕಿಲ್ಲ. ಮಾಮ ಕೊಯಿಲದ ಜಾನುವಾರು ಫಾರ್ಮಿನಲ್ಲಿ ಕೆಲಸಕ್ಕಿದ್ದ ಇಬ್ಬರು ನೆಂಟರನ್ನು ಬೈಕಿನಲ್ಲಿ ಕರೆಸಿದರು. ಅವರು ಕೈಕಾಲು ತೊಳೆದು ಓಡಿ ಬಂದರೂ ಅವರು ಈ ಊರಿನವರಲ್ಲ, ಅವರನ್ನು ಸೇರಿಸಿದರೂ ಮೂವತ್ತೊಂಬತ್ತು. ಕೊನೆಗೆ ಖತೀಬರು ಇದು ಜುಮಾ ಆಗುವುದಿಲ್ಲ ಎಂದು ಎಲ್ಲರಿಂದ ಮಾಮೂಲಿ ಮಧ್ಯಾಹ್ನದ ನಮಾಜು ಮಾಡಿಸಿ ಕಳಿಸಿದರು. ತಮ್ಮ ಇದನ್ನು ಹೇಳುವಾಗ ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಉಮ್ಮ ನಗಲಿಲ್ಲ.

ಆಮೇಲಿನ ಒಂದು ವರ್ಷ ನಮ್ಮ ದಡದ ಸ್ಥಿತಿ ವಿಚಿತ್ರವಾಗಿತ್ತು. ಕೊಸೊವೊ ಸ್ವಾತಂತ್ರ್ಯ ಘೋಷಿಸಿದಾಗ ಅಂತರರಾಷ್ಟ್ರೀಯ ನ್ಯಾಯಾಲಯ, ಘೋಷಣೆ ಮಾಡಿದ್ದು ಕಾನೂನಿಗೆ ವಿರುದ್ಧವಲ್ಲ ಎಂದಷ್ಟೇ ಹೇಳಿ, ದೇಶ ಹುಟ್ಟಿತೇ ಇಲ್ಲವೇ ಎಂಬುದಕ್ಕೆ ಬಾಯಿ ಬಿಡಲಿಲ್ಲ. ನಮ್ಮದೂ ಅದೇ. ಕಾಗದ ಕೊಟ್ಟಾಗಿತ್ತು, ಜುಮಾ ಕೂಡಲಿಲ್ಲ. ಗಲ್ಫಿನವರು ರಜೆಯಲ್ಲಿ ಬಂದಾಗ ನಾಲ್ಕು ವಾರ ನಲವತ್ತು ದಾಟುತ್ತಿತ್ತು, ಆಮೇಲೆ ಮತ್ತೆ ಇಳಿಯುತ್ತಿತ್ತು. ಉಳಿದ ಶುಕ್ರವಾರ ಈಚೆಯ ಗಂಡಸರು ಆಚೆಯ ಮಸೀದಿಗೆ ಹೋಗಲು ಮುಖವಿಲ್ಲದೆ ಅದಕ್ಕಿಂತ ಮೂರು ಪಾಲು ದೂರದ ಉಪ್ಪಿನಂಗಡಿಗೆ ಹೋಗುತ್ತಿದ್ದರು. ಕೆನಡಾದ ನ್ಯಾಯಾಲಯವೊಂದು ಹೇಳಿದ ಮಾತನ್ನು ನಾನು ತರಗತಿಯಲ್ಲಿ ಹೇಳುತ್ತಿದ್ದೆ: ಒಬ್ಬರೇ ಎದ್ದು ಹೋಗುವ ಹಕ್ಕು ಇಲ್ಲ, ಆದರೆ ಜನ ಸ್ಪಷ್ಟವಾಗಿ ಬೇರೆಯಾಗಬೇಕು ಎಂದಾಗ ಎರಡೂ ಕಡೆಯವರು ಕೂತು ಮಾತಾಡಲೇಬೇಕು. ನಮ್ಮಲ್ಲಿ ಹಕ್ಕಿನ ಬಗ್ಗೆ ಎಲ್ಲರೂ ಮಾತಾಡಿದರು, ಕೂತು ಮಾತಾಡಿದವರು ಯಾರೂ ಇಲ್ಲ.

ಮಾಮ ಹೊಸ ಖಬರಸ್ತಾನಕ್ಕೆ ಮಾತ್ರ ಹಿಂದೆ ಮುಂದೆ ನೋಡಲಿಲ್ಲ. ರಬ್ಬರು ಮರ ಕಡಿಸಿದರು, ಕೆಂಪು ಕಲ್ಲಿನ ಗೋಡೆ ಕಟ್ಟಿಸಿದರು, ಕಬ್ಬಿಣದ ಗೇಟು ಇಡಿಸಿದರು. ಇನ್ನು ಒಂದು ಖಬರ್ ಆಗಬೇಕಿತ್ತು. ಮೊದಲ ಖಬರ್ ಬಿದ್ದರೆ ಜಮಾಅತ್ ಗಟ್ಟಿ, ಆಮೇಲೆ ಯಾರಿಗೂ ವಾಪಸು ಹೋಗುವ ಮಾತಿಲ್ಲ ಎಂದು ಅವರ ಲೆಕ್ಕ. ಆ ವರ್ಷ ಈಚೆ ದಡದ ಮುದುಕರೂ ಮುದುಕಿಯರೂ ಬಿಪಿ ಮಾತ್ರೆ ತಪ್ಪಿಸಲಿಲ್ಲ. ಆ ಬೋಳು ಜಾಗದಲ್ಲಿ ಒಬ್ಬರೇ ಮಲಗಲು ಯಾರಿಗೂ ಇಷ್ಟವಿರಲಿಲ್ಲ.

ಅಷ್ಟರಲ್ಲಿ ಉಮ್ಮನ ಕಿಡ್ನಿ ಕೈಕೊಟ್ಟಿತು. ಪುತ್ತೂರಿನ ಡಾಕ್ಟರು ನನ್ನನ್ನು ಹೊರಗೆ ಕರೆದು ಹೆಚ್ಚು ದಿನವಿಲ್ಲ ಎಂದರು. ಅವರು ಹೊರಗೆ ಕರೆದದ್ದರಲ್ಲೇ ಒಳಗೆ ಕೂತ ಉಮ್ಮನಿಗೆ ಗೊತ್ತಾಗಿತ್ತು. ಬಸ್ಸಿನಲ್ಲಿ ಬರುವಾಗ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ನನಗೆ ಹೆದರಿಕೆಯಾಯಿತು. ಅವಳು ಸಾಯುತ್ತಾಳೆ ಎಂಬುದು ಒಂದು ಹೆದರಿಕೆ. ನನ್ನ ಆ ಚಂದದ ವಾಕ್ಯದಿಂದಾಗಿ ಬಾಪನಿಂದ ದೂರ ಮಲಗುತ್ತಾಳೆ ಎಂಬುದು ಅದಕ್ಕಿಂತ ದೊಡ್ಡದು.

ಸುದ್ದಿ ತಿಳಿದು ಮಾಮ ಮೂಸಂಬಿ ಹಿಡಿದುಕೊಂಡು ಬಂದರು. ಅಕ್ಕನ ಮೇಲೆ ಅವರಿಗೆ ಜೀವ. ಕಾಲ ಬಳಿ ಕೂತು ಪಾದ ಒತ್ತಿದರು, ಅತ್ತರು. ಆಮೇಲೆ, ಗೋಡೆಯ ಮೂಲೆಯಲ್ಲಿ ಒಳ್ಳೆ ನೆರಳಿದೆ ಅಕ್ಕ, ಅದನ್ನು ನಿನಗೇ ಅಂತ ಇಟ್ಟಿದ್ದೇನೆ, ನಿನ್ನಿಂದಲೇ ನಮ್ಮ ಜಮಾಅತ್ ಶುರುವಾಯಿತು ಅಂತ ಮಕ್ಕಳ ಮಕ್ಕಳು ಹೇಳಬೇಕು ಎಂದರು. ಮರ್ಯಾದೆ ಕೊಡುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು, ಅದರಲ್ಲಿ ಕಪಟವಿರಲಿಲ್ಲ. ಮೂಸಂಬಿ ಹುಳಿಯೋ ಸಿಹಿಯೋ ಎಂದು ಉಮ್ಮ ಕೇಳಿದಳು.

ಅವರು ಹೋದ ಮೇಲೆ ನನ್ನನ್ನು ಕರೆದಳು. ಆ ಕಾಗದದಲ್ಲಿ ಯಾರ್ಯಾರ ಹೆಸರುಂಟು ಎಂದಳು. ಐವತ್ತೆರಡು ಗಂಡಸರದ್ದು ಎಂದೆ.

"ನನ್ನದು ಉಂಟಾ?"

"ಇಲ್ಲ. ಹೆಂಗಸರದ್ದು ತೆಗೊಳ್ಳಲಿಲ್ಲ."

"ನನ್ನನ್ನು ಯಾರಾದರೂ ಕೇಳಿದರಾ?"

"ಇಲ್ಲ."

"ಮತ್ತೆ ನಾನು ಹೋದದ್ದು ಯಾವಾಗ?"

ದೇಶ ಒಡೆದಾಗ ಯಾವ ಕಡೆಯ ಪೌರತ್ವ ಬೇಕೆಂದು ಜನ ತಾವೇ ಆರಿಸಿಕೊಳ್ಳಬಹುದು ಎಂಬ ನಿಯಮವೊಂದಿದೆ. ವರ್ಷಾ ವರ್ಷಾ ಅದನ್ನು ಹತ್ತು ಅಂಕದ ಪ್ರಶ್ನೆಯಾಗಿ ಕೊಡುತ್ತೇನೆ. ಸ್ವನಿರ್ಣಯ ಅಂದರೆ ಸ್ವ ಯಾರು ಎಂದು ಅರ್ಧ ಗಂಟೆ ಭಾಷಣ ಬಿಗಿಯುತ್ತೇನೆ. ಮನೆಯೊಳಗೆ ಕೂತ ಉಮ್ಮನನ್ನು ಮಾತ್ರ ನಾಲ್ಕು ಪುಟದಲ್ಲಿ ಹೊಸ ಜಮಾಅತ್‌ಗೆ ಸಾಗಿಸಿದ್ದೆ, ಅವಳನ್ನು ಒಂದು ಮಾತೂ ಕೇಳದೆ. ನಾಚಿಕೆಯಾಯಿತು. ಗಂಡಸರ ಮೇಲೆ ಉರಿದುಕೊಂಡಿದ್ದೆನಲ್ಲ, ನಾನು ಮಾಡಿದ್ದೂ ಅದನ್ನೇ.

ಬರಿ ಎಂದಳು. ನಾನು ಪೀಠಿಕೆ ಹಾಕಲು ಹೊರಟೆ. ಅದೆಲ್ಲ ಬೇಡ, ನಾನು ಹೇಳಿದಷ್ಟೇ ಬರಿ ಎಂದಳು. "ನಾನು ಎಲ್ಲಿಗೂ ಹೋಗಿಲ್ಲ. ನನ್ನ ಹೆಸರಿನಲ್ಲಿ ಯಾರೂ ರುಜು ಹಾಕಿಲ್ಲ. ನನ್ನ ಗಂಡನ ಹತ್ತಿರದ ಜಾಗ ನನಗೆ ಇರಲಿ." ಅಷ್ಟೇ. ಮನೆಯಲ್ಲಿ ಇಂಕ್ ಪ್ಯಾಡ್ ಇರಲಿಲ್ಲ. ತಮ್ಮನ ಹೆಂಡತಿ ಮಕ್ಕಳ ಸ್ಕೆಚ್ ಪೆನ್ನು ತಂದು ಉಮ್ಮನ ಹೆಬ್ಬೆರಳಿಗೆ ನೀಲಿ ಬಣ್ಣ ಬಳಿದಳು. ಉಮ್ಮ ಗಟ್ಟಿಯಾಗಿ ಒತ್ತಿದಳು.

ಅದನ್ನು ಹಿಡಿದು ನಾನೇ ಆಚೆ ಹೋದೆ. ಆಚೆಯ ಅಧ್ಯಕ್ಷರು ಅಡಿಕೆ ವ್ಯಾಪಾರದವರು, ಬಾಪನ ಜೊತೆಗಾರರು. ನನ್ನನ್ನು ಎತ್ತಿ ಆಡಿಸಿದವರಾದರೂ ಒಂದು ವರ್ಷದಿಂದ ಉಪ್ಪಿನಂಗಡಿ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಕೂರಲು ಹೇಳಿ, ಒಳಗಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ನನ್ನ ನಾಲ್ಕು ಪುಟ ತಂದರು. ಕನ್ನಡಕ ಏರಿಸಿ ಕೊನೆಯ ವಾಕ್ಯವನ್ನು ನಿಧಾನ ಓದಿದರು. ಯಾವ ಹಕ್ಕೂ ಇಲ್ಲ. ನಾನು ನೆಲ ನೋಡಿಕೊಂಡು ಕೂತೆ. ಒಳ್ಳೆ ಕನ್ನಡ ಎಂದರು. ಬೈದಿದ್ದರೆ ವಾಸಿ ಇತ್ತು.

ಆಮೇಲೆ ಉಮ್ಮನ ಕಾಗದ ಕೊಟ್ಟೆ. ಮೂರು ವಾಕ್ಯ ಓದಲು ಅವರು ತುಂಬ ಹೊತ್ತು ತೆಗೆದುಕೊಂಡರು. ಹಳೆಯ ಕಾಗದ ತಿರುಗಿಸಿ ಐವತ್ತೆರಡು ಹೆಸರಿನ ಮೇಲೂ ಒಂದೊಂದಾಗಿ ಬೆರಳಿಟ್ಟು ಇಳಿದರು. ಕಮಿಟಿಗೆ ಇಡುತ್ತೇವೆ ಎಂದರೆ ಮುಗಿಯಿತು. ಕಮಿಟಿ ಕೂಡುವಷ್ಟರಲ್ಲಿ ಉಮ್ಮ ಇರುವುದಿಲ್ಲ. ವಾಪಸು ಸೇರಿಸಿಕೊಳ್ಳಲು ಅರ್ಜಿ ಕೊಡಬೇಕಾ ಎಂದು ನಾನೇ ಕೇಳಿದೆ.

"ಹೋಗದವರಿಗೆ ವಾಪಸು ಬರುವ ಅರ್ಜಿ ಎಂತಕ್ಕೆ?" ಎಂದರು ಅವರು. ಅವಳ ಕಾಗದವನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ಆಮೇಲೆ, ಅವಳಿಗೆ ಗಂಜಿ ಸೇರುತ್ತದಾ ಎಂದು ವಿಚಾರಿಸಿದರು.

ಹೊಳೆ ದಾಟಿ ಬರುವಾಗ ನಾನು ಬಾಯಿಬಿಟ್ಟು ಅತ್ತೆ. ಯಾರಾದರೂ ನೋಡುತ್ತಾರೆ ಎಂಬ ಪರಿವೆಯೂ ಇರಲಿಲ್ಲ. ಉಮ್ಮನಿಗೆ ಹೇಳಿದಾಗ ಅವಳು, ಹಾಗಾದರೆ ಸರಿ ಎಂದು ಮಗ್ಗುಲಾದಳು.

ಅವಳು ತೀರಿಕೊಂಡದ್ದು ಹೊಳೆಯಲ್ಲಿ ಪಾದ ಮುಳುಗುವಷ್ಟೂ ನೀರಿಲ್ಲದ ಬೇಸಗೆಯಲ್ಲಿ, ಅದಾಗಿ ಮೂರನೆಯ ಬೆಳಿಗ್ಗೆ. ನಾವು ಹೆಂಗಸರು ಮೀಯಿಸುವ ತಯಾರಿಯಲ್ಲಿದ್ದೆವು. ಆಗ ತಮ್ಮ ಓಡಿ ಬಂದು, ಮಾಮ ಹೊಸ ಖಬರಸ್ತಾನದಲ್ಲಿ ಗುಂಡಿ ತೋಡಿಸುತ್ತಿದ್ದಾರೆ ಎಂದ. ನಾನು ತಲೆವಸ್ತ್ರ ಸರಿ ಮಾಡಿಕೊಂಡು ಅಂಗಳಕ್ಕೆ ಬಂದೆ. ಮಾಮನ ಕೈ ಮಣ್ಣಾಗಿತ್ತು. ಆಳುಗಳನ್ನು ನಂಬದೆ ತಾವೇ ಗುದ್ದಲಿ ಹಿಡಿದಿದ್ದರು.

ಉಮ್ಮ ಆಚೆ ಹೋಗುತ್ತಾಳೆ, ಕಾಗದ ಬರೆಸಿ ಹೆಬ್ಬೆಟ್ಟು ಒತ್ತಿದ್ದಾಳೆ, ಅಲ್ಲಿ ಒಪ್ಪಿಗೆಯಾಗಿದೆ ಎಂದೆ. ನೆರೆದವರ ಎದುರು ಮಾಮನ ಮುಖ ಕಪ್ಪಿಟ್ಟಿತು. ಆ ಕಾಗದ ಬರೆದವಳೂ ನೀನೇ, ಈಗ ಇದನ್ನು ಬರೆದವಳೂ ನೀನೇ, ನಿನಗೆ ಒಂದು ನಾಲಿಗೆ ಸಾಲದಾ ಎಂದರು. ಎರಡನ್ನೂ ಬರೆದದ್ದು ನಾನೇ ಎಂದೆ. ಮೊದಲನೆಯದು ತಪ್ಪಾಯಿತು, ಬೇಕಾದರೆ ಎಲ್ಲರ ಎದುರು ಹೇಳುತ್ತೇನೆ. ಇದು ನನ್ನದಲ್ಲ, ನಿಮ್ಮ ಅಕ್ಕನದ್ದು. ಅವಳ ಬೆರಳು ನೋಡಿ, ನೀಲಿ ಇನ್ನೂ ಹೋಗಿಲ್ಲ.

ಮಾಮ ಜಗಲಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಅಕ್ಕ ನನಗೆ ಒಂದು ಮಾತು ಹೇಳಬಹುದಿತ್ತು ಎಂದರು, ನನ್ನನ್ನು ನೋಡಿ ಅಲ್ಲ, ತಮ್ಮಷ್ಟಕ್ಕೆ. ನೀವು ಕೇಳಬಹುದಿತ್ತು ಎಂಬ ಮಾತು ನನ್ನ ಬಾಯಿ ತುದಿಗೆ ಬಂದಿತ್ತು. ನನ್ನ ಜನ್ಮದಲ್ಲಿ ನುಂಗಿಕೊಂಡ ಮಾತುಗಳು ಕಡಿಮೆ, ಅದೊಂದನ್ನು ನುಂಗಿದೆ. ಯಾಕೆಂದರೆ ನಾನೂ ಕೇಳಿರಲಿಲ್ಲ.

ಉಮ್ಮನನ್ನು ಹೊತ್ತು ಸೇತುವೆಗೆ ಸುತ್ತದೆ ನೇರ ಹೊಳೆಗೇ ಇಳಿದರು. ನಾವು ಹೆಂಗಸರು ದಡದ ಮೇಲೆ ನಿಂತೆವು. ಮುಂದಿನ ಬಲಗಡೆಯ ಹೆಗಲು ಮಾಮನದು. ಆಚೆಯ ಗಂಡಸರು ಅಲ್ಲೇ ಕಾಯದೆ ಹೊಳೆಗಿಳಿದು ಅರ್ಧ ದಾರಿಗೆ ಬಂದರು. ಹೆಗಲು ಬದಲಾಯಿಸುತ್ತ ಹೋಗುವುದು ನಮ್ಮ ಕ್ರಮ. ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು, ಒಬ್ಬೊಬ್ಬರಾಗಿ ಬಿಟ್ಟುಕೊಟ್ಟರು. ಮಾಮ ಮಾತ್ರ ಕೊನೆಯವರೆಗೆ ಯಾರಿಗೂ ಬಿಟ್ಟುಕೊಡಲಿಲ್ಲ. ಖಬರ್‌ಗೆ ಇಳಿದು ಅಕ್ಕನನ್ನು ಮಲಗಿಸಿದವರೂ ಅವರೇ ಎಂದು ತಮ್ಮ ಆಮೇಲೆ ಹೇಳಿದ. ಸಂಜೆ ಈಚೆ ಬಂದು, ತಾವೇ ತೋಡಿದ ಗುಂಡಿಗೆ ತಾವೇ ಮಣ್ಣು ತುಂಬಿದರು.

ಎರಡು ವಾರ ಕಳೆದಿರಬೇಕು. ಪಕ್ಕದ ಮನೆಯ ಮುದುಕಿ ಒಂದು ಬಟ್ಟಲು ಸಕ್ಕರೆ ಕೇಳುವ ನೆಪದಲ್ಲಿ ಬಂದು ಕೂತಳು. ಎದ್ದು ಹೋಗುವ ಲಕ್ಷಣ ಕಾಣಲಿಲ್ಲ. ಕೊನೆಗೆ, ನಿನ್ನ ಉಮ್ಮನಿಗೆ ಬರೆದು ಕೊಟ್ಟೆಯಲ್ಲ, ಅಂಥದ್ದು ಒಂದು ನನಗೂ ಬೇಕಿತ್ತು ಎಂದಳು. ಅವಳ ತಾಯಿ ಆಚೆ ಇದ್ದಾಳೆ. ಆಮೇಲೆ ಇನ್ನೊಬ್ಬಳು ಬಂದಳು, ಅವಳ ಗಂಡ ಆಚೆ. ಮತ್ತೊಬ್ಬಳು ನೇರ ನನ್ನ ಕಾಲೇಜಿಗೇ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು, ಮನೆಯಲ್ಲಿ ಗಂಡಸರಿಗೆ ಗೊತ್ತಾಗುವುದು ಬೇಡ ಎಂದು. ನಾನು ಪುತ್ತೂರಿನ ಪುಸ್ತಕದ ಅಂಗಡಿಯಿಂದ ಒಂದು ಇಂಕ್ ಪ್ಯಾಡ್ ತಂದಿಟ್ಟೆ. ಎಲ್ಲರಿಗೂ ಅದೇ ಮೂರು ವಾಕ್ಯ. ಗಂಡ ಎಂದು ಇರುವಲ್ಲಿ ಕೆಲವರಿಗೆ ತಾಯಿ ಎಂದೋ ಮಗಳು ಎಂದೋ ಬದಲಾಯಿಸುತ್ತಿದ್ದೆ. ನನ್ನದನ್ನೂ ಒಂದು ಬರೆದೆ, ಬಾಪ ಉಮ್ಮನ ಹತ್ತಿರ ಎಂದು. ರಂಜಾನಿನ ಹೊತ್ತಿಗೆ ಹದಿನೇಳು ಕಾಗದ ಆಚೆ ಹೋಗಿತ್ತು. ಅಧ್ಯಕ್ಷರು ಯಾವುದಕ್ಕೂ ಉತ್ತರ ಕೊಡಲಿಲ್ಲ, ಯಾವುದನ್ನೂ ವಾಪಸು ಕಳಿಸಲೂ ಇಲ್ಲ.

ಅಷ್ಟು ದಿನವೂ ಮಾಮ ನಮ್ಮ ಮನೆಯ ಮೆಟ್ಟಿಲು ತುಳಿದಿರಲಿಲ್ಲ. ಹಬ್ಬ ಕಳೆದ ಮೂರನೆಯ ದಿನ ಮಾಮಿಯನ್ನು ಕರೆದುಕೊಂಡು ಬಂದರು. ಚಾ ಕುಡಿದರು, ರಬ್ಬರಿನ ರೇಟು ಮಾತಾಡಿದರು. ಮಾಮಿ ತಲೆ ತಗ್ಗಿಸಿ ಸೆರಗಿನ ಅಂಚು ತಿರುಪುತ್ತಿದ್ದಳು. ಅವರ ಮೊದಲ ಮಗು ಹುಟ್ಟಿ ಮೂರೇ ದಿನ ಬದುಕಿತ್ತು. ಮಾಮ ಆಗ ಸೌದಿಯಲ್ಲಿದ್ದರು, ಮುಖ ನೋಡಲೂ ಆಗಿರಲಿಲ್ಲ. ಆ ಮಗು ಆಚೆ ಇದೆ.

ಇವಳಿಗೆ ಒಂದು ಬರೆದು ಕೊಡು ಎಂದರು ಮಾಮ.

ನಾನು ಬರೆದೆ. ಗಂಡನ ಹತ್ತಿರ ಎಂದು ಬರುವಲ್ಲಿ ಮಗುವಿನ ಹತ್ತಿರ ಎಂದು ಬರೆದು ಓದಿ ಹೇಳಿದೆ. ಮಾಮ ಕೈ ಚಾಚಿ ಕಾಗದ ತೆಗೆದುಕೊಂಡು ತಾವೇ ಇನ್ನೊಂದು ಸಲ ಮನಸ್ಸಿನಲ್ಲೇ ಓದಿಕೊಂಡರು. ಐವತ್ತೆರಡು ಹೆಸರಿನಲ್ಲಿ ಮೊದಲನೆಯದು ಅವರದು. ಎಲ್ಲರಿಗಿಂತ ದೊಡ್ಡ ಅಕ್ಷರದಲ್ಲಿ ರುಜು ಹಾಕಿದ್ದರು. ಅದಕ್ಕೆ ಎಂತ ಮಾಡುವುದು ಎಂದು ಅವರು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ, ಕೊಟ್ಟ ಕಾಗದ ಹಿಂದೆ ತೆಗೆದುಕೊಳ್ಳಬಹುದು ಮಾಮ, ಆದರೆ ಹೋಗಿ ಅವರ ಎದುರು ಕೂತು ಕೇಳಬೇಕು ಎಂದು ಹೇಳುತ್ತಿದ್ದೆ. ಅವರು ಹೋಗುವವರಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು.

"ಹಾಗಾದರೆ ಆ ರಬ್ಬರು ತೋಟದಲ್ಲಿ ನಾನೊಬ್ಬನೇ ಆಯ್ತಲ್ಲ," ಎಂದರು.

ಮಾಮಿ ಅವರ ಮುಖ ನೋಡಿದಳು. ಆಮೇಲೆ ಹೆಬ್ಬೆರಳನ್ನು ನನ್ನ ಕಡೆ ಚಾಚಿದಳು.